ಕದಡದ ಸೀಸೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಎಷ್ಟೋ ವರ್ಷ ದೊಡ್ಡವನಾದ ಬಾಯ್ಲರ್ ನೋಡಿಕೊಳ್ಳುವವನು ಕೂಡ. ಬೇಕರಿಗಳಿಗೆ ಯೀಸ್ಟ್ ತಯಾರಿಸಿ ಕೊಡುವ ಕಾರ್ಖಾನೆ ಅದು. ಕೆಳಗೆ ಮನೆಯೆತ್ತರದ ತೊಟ್ಟಿಗಳು, ಯೀಸ್ಟಿಗೆ ಉಣಿಸುವ ಕಬ್ಬಿನ ಕಾಕಂಬಿಯ ಘಾಟು ವಾಸನೆ, ರಬ್ಬರ್ ಬೂಟುಗಳ ಚಪಚಪ ಓಡಾಟ. ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಬೀಜದ ಕೋಣೆ. ತೊಟ್ಟಿಗೆ ಇಳಿಯುವ ಯೀಸ್ಟೆಲ್ಲ ಮೊದಲು ಕಣ್ಣು ಬಿಡುವುದು ಅಲ್ಲಿ, ಅಂಗೈಯಗಲದ ಗಾಜಿನ ಸೀಸೆಗಳಲ್ಲಿ. ಆ ಕೋಣೆ ಅಕ್ಕನದು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಇಷ್ಟು ಕೋಟಿ ಮಕ್ಕಳನ್ನ ಇಟ್ಕೊಂಡಿರೋಳನ್ನ ಯಾರಪ್ಪ ಮಾಡ್ಕೊಳ್ತಾರೆ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

ಆ ವರ್ಷ ಬೇಕರಿಯವರು ಹೊಸ ತಕರಾರು ತೆಗೆದಿದ್ದರು. ಬ್ರೆಡ್ಡಿಗೆ ಬೂಷ್ಟು ಹಿಡಿಯದಿರಲಿ ಎಂದು ಹಿಟ್ಟಿಗೆ ವಿನೆಗರ್ ಬೆರೆಸಿದರೆ ಯೀಸ್ಟ್ ಮುನಿಸಿಕೊಳ್ಳುತ್ತದೆ, ಹಿಟ್ಟು ಉಬ್ಬುವುದಿಲ್ಲ, ಬ್ರೆಡ್ಡು ಹೋಗಿ ಇಟ್ಟಿಗೆಯಾಗುತ್ತದೆ. ಹುಳಿ ತಡೆದುಕೊಳ್ಳುವಂಥ ಯೀಸ್ಟ್ ಕೊಡಿ, ಆಗದಿದ್ದರೆ ಹೇಳಿಬಿಡಿ, ನಮಗೆ ಬೇರೆಯವರು ಇದ್ದಾರೆ ಎಂದರು. ಮ್ಯಾನೇಜರು ಅದನ್ನು ತಂದು ಅಕ್ಕನ ತಲೆಗೆ ಕಟ್ಟಿದರು. ಅವರಿಗೆ ಕೆಲಸದವರು ಇಟ್ಟ ಹೆಸರು ಅರ್ಜೆಂಟು. ಊಟವನ್ನೂ ನಿಂತುಕೊಂಡೇ ಮುಗಿಸುವ ಮನುಷ್ಯ.

ಕೆಲಸವೇನೋ ಹೇಳುವುದಕ್ಕೆ ಸುಲಭ. ಸಿಹಿನೀರಿನಲ್ಲಿ ಯೀಸ್ಟ್ ಬೆಳೆಸಿ ತುಸು ವಿನೆಗರ್ ಹಾಕಬೇಕು. ಬದುಕಿ ಉಳಿದದ್ದರಲ್ಲಿ ಒಂದು ಚಮಚ ತೆಗೆದು ಇನ್ನೂ ಒಂಚೂರು ಹುಳಿಯಾದ ಸೀಸೆಗೆ ಬಿಡಬೇಕು. ಅದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಹುಳಿ ಏರಿಸಿದಾಗಲೆಲ್ಲ ಯೀಸ್ಟ್ ಸುಮ್ಮನಾಗಿಬಿಡುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಯೀಸ್ಟ್ ನೀರನ್ನು ಗಂಜಿಯ ಹಾಗೆ ಕದಡುತ್ತದೆ. ಸುಮ್ಮನಾದ ಸೀಸೆ ಮಾತ್ರ ತಿಳಿಯಾಗಿ ನಿಂತಿರುತ್ತದೆ, ಒಂದು ಗುಳ್ಳೆ ಏಳುವುದಿಲ್ಲ. ನೋಡಿದವರು ಸತ್ತಿತು ಎನ್ನುತ್ತಾರೆ. ಸತ್ತಿರುವುದಿಲ್ಲ. ಹುಳಿ ಅದರ ಚರ್ಮ ದಾಟಿ ಒಳಗೇ ಹೊಕ್ಕಿರುತ್ತದೆ. ಒಳಹೊಕ್ಕ ಹುಳಿಯನ್ನು ಹೊರಗೆ ನೂಕುವುದಕ್ಕೇ ಅದರ ಕಸುವೆಲ್ಲ ಖರ್ಚಾಗುತ್ತಿರುತ್ತದೆ, ತಿಂದದ್ದೆಲ್ಲ ಅದಕ್ಕೇ ಹೋಗುತ್ತದೆ, ಬೆಳೆಯುವುದಕ್ಕೆ ಪುರುಸೊತ್ತಿರುವುದಿಲ್ಲ. ನೂಕಿ ನೂಕಿ ಒಳಗೆ ಒಂದು ಹದಕ್ಕೆ ಬಂದ ಮೇಲೆ ತನ್ನಷ್ಟಕ್ಕೆ ಎದ್ದು ಕೂರುತ್ತದೆ. ಯಾವತ್ತು ಏಳುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಬೀಜದ ಕೋಣೆಯ ಕೆಲಸವೆಂದರೆ ಮುಕ್ಕಾಲು ಪಾಲು ಕಾಯುವುದೇ.

ಅಕ್ಕನಿಗೆ ಒಬ್ಬನೇ ತಮ್ಮ. ಚಪ್ಪಲಿ ಅಂಗಡಿಯಲ್ಲಿ ಕೆಲಸ, ಅಡ್ಡಹೆಸರು ರೇಡಿಯೋ. ಒಂದು ಜೊತೆ ಚಪ್ಪಲಿ ಕೊಳ್ಳಲು ಬಂದವರನ್ನು ಮಾತಿನಲ್ಲೇ ಕೂರಿಸಿ ಎರಡು ಜೊತೆ ಕೊಟ್ಟು ಕಳಿಸುವವನು. ಹೆಂಡತಿ ಅವನ ಬಾಯಿ ಮುಚ್ಚಿಸಲು ಮೂಗು ಹಿಡಿಯುತ್ತಿದ್ದಳಂತೆ, ಆಗಲೂ ಮಾತಾಡುತ್ತಿದ್ದನಂತೆ. ಆ ಹೆಂಡತಿ ಜ್ವರ ಬಂದು ಮಲಗಿದವಳು ಮತ್ತೆ ಏಳಲೇ ಇಲ್ಲ. ಐದು ತುಂಬದ ಒಂದು ಹೆಣ್ಣುಮಗು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಕುಂಯ್ ಕುಂಯ್ ಎಂದು ಅಳುತ್ತಿದ್ದುದಕ್ಕೆ ಅಪ್ಪನೇ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ, ಅದೇ ಉಳಿದುಬಿಟ್ಟಿತ್ತು.

ಅಕ್ಕ ಹೋಗಿ ಇಬ್ಬರನ್ನೂ ತನ್ನ ಮನೆಗೆ ಕರೆತಂದಳು. ಮನೆ ಎಂದರೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಹಗಲೆಲ್ಲ ಕೆಳಗಿನ ಹೊಲಿಗೆ ಯಂತ್ರದ ಸದ್ದು ನೆಲದಿಂದ ಏರಿ ಬರುತ್ತಿತ್ತು. ರೇಡಿಯೋ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಕೂತವನು ಕೂತೇ ಇದ್ದ. ಅಳಲಿಲ್ಲ. ಅತ್ತಿದ್ದರೆ ಅಕ್ಕನಿಗೆ ಏನು ಮಾಡಬೇಕೆಂದು ತೋಚುತ್ತಿತ್ತು. ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತು ತಿನ್ನುತ್ತಿದ್ದ, ಸ್ನಾನ ಎಂದರೆ ಏಳುತ್ತಿದ್ದ, ಮತ್ತೆ ಬಂದು ಅದೇ ಕುರ್ಚಿ. ಏನು ಕೇಳಿದರೂ ಮೆಲ್ಲಗೆ ಒಂದು ಸಲ, ಹೂಂ ಎನ್ನುವ ಹಾಗೆ ತಲೆಯಾಡಿಸುತ್ತಿದ್ದ.

ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಚುರುಗುಟ್ಟುತ್ತಿರುವಾಗ ಅವಳು ಬೇಕೆಂದೇ ಕೇಳಿದಳು: "ಮಳೆ ಬರ್ತಿದೆಯೇನೋ?"

ಅವನು ತಲೆಯಾಡಿಸಿದ.

ಅವಳಿಗೆ ಅರ್ಥವಾಯಿತು. ದನಿ ಅವನನ್ನು ಮುಟ್ಟುತ್ತಿತ್ತು, ಮಾತು ಮುಟ್ಟುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಪಿಟೀಲಿಗೆ ತಲೆ ಬಾಚಿದಳು.

ಇತ್ತ ಕಾರ್ಖಾನೆಯಲ್ಲಿ ಹುಳಿ ಏರುತ್ತ ಏರುತ್ತ ಬೇಕರಿಯವರು ಕೇಳಿದ ಮಟ್ಟಕ್ಕೆ ಬಂದು ನಿಂತಿತ್ತು. ಆ ಕೊನೆಯ ಸೀಸೆ ಕದಡಲೇ ಇಲ್ಲ. ವಾರ ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು, ಅದು ಕುಡಿಯುವ ನೀರಿನ ಹಾಗೆ ತಿಳಿಯಾಗಿಯೇ ಇತ್ತು. ಅರ್ಜೆಂಟು ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ಬಂದು ಇಣುಕುವರು.

"ಅಕ್ಕ, ಇದು ಖಲಾಸ್. ಚೆಲ್ಲಿ, ಮೊದಲಿಂದ ಶುರು ಮಾಡಿ."

"ಖಲಾಸ್ ಆಗಿಲ್ಲ ಸರ್."

"ನನ್ನ ಕಣ್ಣಿಗೇನು ಪೊರೆ ಬಂದಿದೆಯಾ? ಒಂದು ಗುಳ್ಳೆ ಇಲ್ಲ ಅದ್ರಲ್ಲಿ." ಎಂದವರೇ ಸೀಸೆಯ ಕುತ್ತಿಗೆಗೆ ಕೈ ಹಾಕಿದರು.

ಅಕ್ಕ ಮೂಲೆಯ ಸಿಂಕಿಗೆ ಅಡ್ಡ ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಆಮೇಲೆ ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಒಂದು ಹನಿ ತೆಗೆದು ಅದಕ್ಕೆ ಒಂದು ಹನಿ ನೀಲಿ ಬಣ್ಣ ಬೆರೆಸಿ ತೋರಿಸಿದಳು. ಸತ್ತ ಯೀಸ್ಟ್ ನೀಲಿಗಟ್ಟುತ್ತದೆ. ಜೀವವಿರುವುದು ಬಣ್ಣ ಹಿಡಿಯಲು ಬಿಡುವುದಿಲ್ಲ. ನೀಲಿ ಚುಕ್ಕೆಗಳ ಸಂತೆಯ ನಡುವೆ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಕೂತಿದ್ದವು.

"ಇಷ್ಟು ಸಾಕಾ?" ಎಂದರು ಅರ್ಜೆಂಟು.

"ಸಾಕು. ಒದ್ದಾಡ್ತಾ ಇವೆ ಸರ್ ಒಳಗೊಳಗೇ. ನಮಗೆ ಕಾಣಲ್ಲ, ಅಷ್ಟೆ."

ಅವರು ಗೊಣಗುತ್ತ ಇಳಿದುಹೋದರು. ಅಕ್ಕ ಸೀಸೆಯನ್ನು ಬೆಚ್ಚನೆಯ ಪೆಟ್ಟಿಗೆಯೊಳಗೆ ಒಳಬದಿಗೆ ಸರಿಸಿಟ್ಟಳು, ಯಾರ ಕಣ್ಣಿಗೂ ಬೀಳದ ಹಾಗೆ. ಒಂದು ಸೀಸೆಗಾಗಿ ಇಷ್ಟು ಪಟ್ಟು ಹಿಡಿಯುವ ಹೆಂಗಸು ಅವಳು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಇನ್ನಷ್ಟು ಸಂಕಟ ಕೊಡುತ್ತದೆ, ಆದರೆ ಅವಳು ಮಾಡಿದ್ದು ಕೆಟ್ಟ ಮನಸ್ಸಿನಿಂದ ಅಲ್ಲ ಎನ್ನುವುದನ್ನೂ ಹೇಳಿಯೇ ಹೇಳಬೇಕು.

ಅವತ್ತು ಅವಳು ಕೆಲಸ ಮುಗಿಸಿ ಬಂದಾಗ ಮೆಟ್ಟಿಲ ಮೇಲೇ ವಾಸನೆ ಬಡಿಯಿತು. ಮೂಗಿನಿಂದಲೇ ಅನ್ನ ದುಡಿಯುವವಳಿಗೆ ಅನುಮಾನ ಬರುವುದಕ್ಕೆ ಹೊತ್ತು ಬೇಕೇ. ಬಾಗಿಲು ನೂಕಿದರೆ ಮನೆ ತುಂಬ ಗ್ಯಾಸು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಬೆಂಕಿ ಆರಿಹೋಗಿತ್ತು, ಗ್ಯಾಸು ಮಾತ್ರ ಸುಯ್ಯೆಂದು ಬರುತ್ತಲೇ ಇತ್ತು. ರೇಡಿಯೋ ಕುರ್ಚಿಯಲ್ಲಿ ಕೂತಿದ್ದ, ಮುಚ್ಚಿದ ಕಿಟಕಿಯಾಚೆ ನೋಡುತ್ತ. ಪಿಟೀಲು ಅವನ ಕಾಲ ಬಳಿ ನೆಲದ ಮೇಲೆ ತೂಕಡಿಸುತ್ತಿದ್ದಳು, ಮುಖ ಬಿಳಿಚಿಕೊಂಡಿತ್ತು.

ಅಕ್ಕ ಗ್ಯಾಸು ನಿಲ್ಲಿಸಿ, ಕಿಟಕಿ ತೆರೆದು, ಮಗುವನ್ನು ಬಾಚಿಕೊಂಡು ಬೀದಿಗೆ ಓಡಿದಳು. ದರ್ಜಿ ಕೈಲಿದ್ದ ಬಟ್ಟೆ ಬಿಸಾಕಿ ಮೇಲೆ ಹೋಗಿ ರೇಡಿಯೋನ ರಟ್ಟೆ ಹಿಡಿದು ಇಳಿಸಿಕೊಂಡು ಬಂದ. ಹೊರಗಿನ ಗಾಳಿಗೆ ಮಗು ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣು ಬಿಟ್ಟಿತು.

"ಹಾಲು ಯಾರಮ್ಮ ಇಟ್ಟಿದ್ದು?"

"ನಾನೇ. ಹಸಿವಾಯ್ತು. ಅಪ್ಪನ್ನ ಕೇಳ್ದೆ, ತಲೆ ಆಡಿಸ್ದ." ಆಮೇಲೆ ಪಕ್ಕದಲ್ಲೇ ನಿಂತಿದ್ದ ಅಪ್ಪನನ್ನು ನೋಡುತ್ತ ಅತ್ತೆಯ ಕಿವಿಯಲ್ಲಿ ಕೇಳಿದಳು: "ಅತ್ತೆ, ಅಪ್ಪನೂ ಸತ್ತೋಗಿದಾನಾ?"

ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡಳು. ಗ್ಯಾಸಿಗೂ ಅವಳು ಅಷ್ಟು ಹೆದರಿರಲಿಲ್ಲ.

ರೇಡಿಯೋನ ನಾದಿನಿ, ಎಂದರೆ ಪಿಟೀಲಿನ ಚಿಕ್ಕಮ್ಮ, ಅರ್ಧ ದಿನದ ರೈಲು ದಾರಿಯ ಊರಿನಲ್ಲಿದ್ದಳು. ಮಕ್ಕಳಿರಲಿಲ್ಲ. ಒಡಹುಟ್ಟಿದವಳನ್ನು ಕಳೆದುಕೊಂಡವಳು ಅವಳ ಮಗುವಾದರೂ ನನಗಿರಲಿ ಎಂದು ಮೊದಲ ದಿನವೇ ಕೇಳಿದ್ದಳು. ಆಗ ಬೇಡ ಎಂದಿದ್ದ ಅಕ್ಕ ಈಗ ತಾನೇ ಫೋನು ಮಾಡಿದಳು. ಚಿಕ್ಕಮ್ಮ ಒಳ್ಳೆಯವಳು, ಆದರೆ ನೇರ ಮಾತಿನವಳು.

"ಕೊಡೋದಾದ್ರೆ ಪೂರ್ತಿ ಕೊಟ್ಬಿಡಿ. ನಾಳೆ ಅವಳು ನನ್ನನ್ನೇ ಅಮ್ಮ ಅಂದ್ಮೇಲೆ ವಾಪಸ್ ಕೇಳಿದ್ರೆ ನನ್ ಕೈಲಿ ಆಗಲ್ಲ, ಸತ್ತೇ ಹೋಗ್ತೀನಿ. ಭಾವ ಒಪ್ಪಿದಾರಾ?"

"ಕೇಳಿ ಹೇಳ್ತೀನಿ" ಎಂದಳು ಅಕ್ಕ.

ಅವಳು ಕುರ್ಚಿಯ ಮುಂದೆ ಮಂಡಿಯೂರಿ ಕೂತಳು. ಅವನ ಎರಡೂ ಕೈ ಹಿಡಿದುಕೊಂಡಳು. ಗಡ್ಡ ಕುತ್ತಿಗೆಯವರೆಗೆ ಬೆಳೆದಿತ್ತು. "ಪಿಟೀಲನ್ನ ಚಿಕ್ಕಮ್ಮನ ಹತ್ರ ಕಳಿಸ್ತೀನಿ ಕಣೋ. ಅಲ್ಲೇ ಬೆಳೀತಾಳೆ, ಅವರ ಮಗಳಾಗಿ. ಆಗಬಹುದಾ?"

ಅವನು ತಲೆಯಾಡಿಸಿದ, ಮೆಲ್ಲಗೆ, ಒಂದು ಸಲ.

ಇನ್ನೊಮ್ಮೆ ಕೇಳಬಹುದಿತ್ತು. ಬೆಳಿಗ್ಗೆ ಕೇಳಬಹುದಿತ್ತು, ಅಲುಗಾಡಿಸಿ ಕೇಳಬಹುದಿತ್ತು, ಮಳೆ ಬರ್ತಿದೆಯಾ ಎಂದು ನಡುವೆ ಕೇಳಿ ನೋಡಬಹುದಿತ್ತು. ಅವಳು ಕೇಳಲಿಲ್ಲ. ಕೇಳಿದರೆ ಏನು ತಿಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಎದ್ದು ಹೋಗಿ ಫೋನಿನಲ್ಲಿ, "ಒಪ್ಪಿದಾನೆ" ಎಂದಳು.

ಚಿಕ್ಕಮ್ಮ ಮರುದಿನವೇ ಬಂದಳು. ಪಿಟೀಲು ಹೋಗುವಾಗ ಅಳಲಿಲ್ಲ. ಅಪ್ಪನ ಮೊಣಕಾಲು ಮುಟ್ಟಿ, "ಹೋಗ್ಬರ್ತೀನಿ" ಎಂದಳು. ಅವನು ತಲೆಯಾಡಿಸಿದ. ಅವಳ ಬಟ್ಟೆಯ ಚೀಲ ತೀರ ಹಗುರವಾಗಿತ್ತು, ಅದನ್ನು ನೋಡಿ ಚಿಕ್ಕಮ್ಮನ ಕಣ್ಣು ತುಂಬಿತು.

ಅದಾದ ಕೆಲವೇ ದಿನಕ್ಕೆ ಸೀಸೆ ಕದಡಿತು. ಬೆಳಿಗ್ಗೆ ಅಕ್ಕ ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಬಿಳಿ ಗಂಜಿ, ಮೇಲೆ ಒಂದು ಬೆರಳು ನೊರೆ. ಅರ್ಜೆಂಟು ಜೀವಮಾನದಲ್ಲಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು. ಎಲ್ಲರಿಗೂ ಕಾಫಿ ತರಿಸಿದರು. ಬಾಯ್ಲರಿನವನು, "ಅಕ್ಕ, ನಿಮ್ ಮಕ್ಕಳು ಪಾಸಾದ್ರು" ಎಂದ. ಎಲ್ಲರೂ ನಕ್ಕರು. ಅಕ್ಕ ಕಾಫಿಯ ಲೋಟ ಹಿಡಿದುಕೊಂಡೇ ನಿಂತಿದ್ದಳು. ಯೀಸ್ಟ್ ಬೇರೆ, ಮನುಷ್ಯ ಬೇರೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾಫಿ ಆರಿಹೋಯಿತು.

ಮುಂದೆ ಹಲವು ತಿಂಗಳು ಹಾಗೇ ಸರಿದವು. ಚಿಕ್ಕಮ್ಮ ಆಗಾಗ ಫೋನು ಮಾಡುವಳು: ಶಾಲೆಗೆ ಸೇರಿಸಿದ್ದೇವೆ, ಮುಂದಿನ ಹಲ್ಲು ಬಿದ್ದಿದೆ, ಈಗ ನನ್ನನ್ನೇ ಅಮ್ಮ ಅಂತಾಳೆ. ಕೊನೆಯ ಮಾತನ್ನು ಹೇಳುವಾಗ ಅವಳ ದನಿ ನಡುಗುತ್ತಿತ್ತು, ಸಂತೋಷಕ್ಕೋ ಹೆದರಿಕೆಗೋ.

ಒಂದು ಬೆಳಿಗ್ಗೆ ಅಕ್ಕನಿಗೆ ಎಚ್ಚರವಾದದ್ದು ಯಾರೋ ಬೈಯುತ್ತಿರುವ ಸದ್ದಿಗೆ. ಅಡುಗೆಮನೆಯಿಂದ ಬರುತ್ತಿತ್ತು. "ಏನು ನಲ್ಲಿನಪ್ಪ ಇದು, ಮೂಗು ಸೋರೋ ಮಗು ಥರ ತೊಟ್ಟಿಕ್ಕುತ್ತೆ. ಒಂದು ವಾಷರ್ ಹಾಕಿಸೋಕಾಗಲ್ವಾ ಈ ಮನೇಲಿ." ಅವಳು ಹಾಸಿಗೆಯಲ್ಲೇ ಎದ್ದು ಕೂತಳು. ರೇಡಿಯೋ ನಲ್ಲಿಯ ತಲೆ ತಿರುಗಿಸುತ್ತ ನಿಂತಿದ್ದ. ದನಿ ಒಡೆದಿತ್ತು, ತುಕ್ಕು ಹಿಡಿದ ಹಾಗಿತ್ತು, ಆದರೆ ಅವನದೇ ದನಿ.

"ಅಕ್ಕ, ಟೀ ಮಾಡ್ತೀಯಾ? ಸಕ್ಕರೆ ಜಾಸ್ತಿ ಹಾಕು, ಕಂಜೂಸ್‌ತನ ಮಾಡ್ಬೇಡ" ಎಂದ. ಅವಳು ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅವನೂ ಅತ್ತ, ಹೆಂಡತಿಯ ಹೆಸರು ಹೇಳಿ ಹೇಳಿ ಅತ್ತ. ಅತ್ತು ಸುಸ್ತಾಗಿ ಮೂಗು ಒರೆಸಿಕೊಂಡು ಕೇಳಿದ: "ಪಿಟೀಲು ಇನ್ನೂ ಎದ್ದಿಲ್ವಾ?"

ಅಕ್ಕ ಹೇಳಿದಳು. ಹೇಳುವಾಗ ಅವನ ಮುಖ ನೋಡಲಾಗದೆ ತೊಟ್ಟಿಕ್ಕುವ ನಲ್ಲಿಯನ್ನೇ ನೋಡುತ್ತಿದ್ದಳು. ಅವನು ಕೂಗಾಡಲಿಲ್ಲ. "ಸರಿ. ಹೋಗಿ ಕರ್ಕೊಂಡು ಬರೋಣ" ಎಂದ, ಪೇಟೆಗೆ ಹೋಗಿ ಸಾಮಾನು ತರುವವನ ಹಾಗೆ. ಗಡ್ಡ ಬೋಳಿಸಿಕೊಂಡ. ದಾರಿಯಲ್ಲಿ ತನ್ನ ಹಳೆಯ ಅಂಗಡಿಗೆ ಹೊಕ್ಕು ಮಗಳಿಗೆ ಒಂದು ಜೊತೆ ಕೆಂಪು ಚಪ್ಪಲಿ ತೆಗೆದುಕೊಂಡ. ಅವು ಹೋದ ವರ್ಷದ ಕಾಲಿಗೆ ಸರಿಹೋಗುವಂಥವು ಎಂದು ಅಕ್ಕನಿಗೆ ನೋಡಿದೊಡನೆ ತಿಳಿಯಿತು, ಆದರೂ ಕಟ್ಟಿಸಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಚಿಕ್ಕಮ್ಮ ಬಾಗಿಲು ತೆರೆದವಳು ಭಾವನನ್ನು ನೋಡಿ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಒಳಗೆ ಕರೆದಳು, ನೀರು ಕೊಟ್ಟಳು. ಅಷ್ಟರಲ್ಲಿ ಪಿಟೀಲು ಶಾಲೆಯಿಂದ ಬಂದಳು. ಕೆನ್ನೆ ತುಂಬಿಕೊಂಡಿದ್ದವು. ಅಪ್ಪನನ್ನು ಕಂಡು ಒಂದು ಗಳಿಗೆ ನಿಂತಳು, ಆಮೇಲೆ ಓಡಿ ಬಂದು ತೊಡೆ ಹತ್ತಿ ಕೂತಳು. ಅವನು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದ. ಚಪ್ಪಲಿ ತೊಡಿಸಲು ಹೋದ, ಬೆರಳುಗಳೇ ಒಳಹೋಗಲಿಲ್ಲ. "ಛೆ, ನಿನ್ನ ಕಾಲಿಗೆ ಯಾರೇ ಗೊಬ್ಬರ ಹಾಕಿದ್ದು" ಎಂದ. ಅವಳು ಕಿಲಕಿಲ ನಕ್ಕಳು. ಅಪ್ಪ ಮಾತಾಡುವುದನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ತನ್ನ ಶಾಲೆ, ಗೆಳತಿ, ಬಿದ್ದ ಹಲ್ಲು ಎಲ್ಲ ಹೇಳಿದಳು, ಹೇಳುವಾಗ ಮೂರು ನಾಲ್ಕು ಸಲ ಅಮ್ಮ ಎಂದಳು. ಅದು ಸತ್ತ ತಾಯಿಯನ್ನು ಕುರಿತು ಅಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

"ನಮ್ಮನೆಗೆ ಹೋಗೋಣ್ವಾ, ಕಂದ? ನಾನು, ನೀನು, ಅತ್ತೆ." ಅವನ ದನಿ ತಗ್ಗಿತ್ತು.

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಳು. ಬೇಡ ಎನ್ನಲಿಲ್ಲ, ಪಾಪ.

ಪಿಟೀಲು ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಅಂಗಡಿಯಲ್ಲಿ ಹಣ್ಣು ಆರಿಸುವವರ ಹಾಗೆ.

"ನೀನು ಮತ್ತೆ ಹಂಗಾದ್ರೆ?"

ಎಂಥ ಗಿರಾಕಿಗೂ ಉತ್ತರ ಕೊಡುತ್ತಿದ್ದ ರೇಡಿಯೋ ಬಾಯಿ ತೆರೆದ. ಆಗಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಮಗಳಿಗೆ ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ. ಅವಳನ್ನು ತೊಡೆಯಿಂದ ಇಳಿಸಿ, ಬಟ್ಟೆ ಸರಿಮಾಡಿ, "ಹೋಗು, ಅಮ್ಮ ತಿಂಡಿ ಕೊಡ್ತಾಳೆ" ಎಂದ. ಚಿಕ್ಕಮ್ಮ ಗೋಡೆಗೊರಗಿ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ವಾಪಸು ಬರುವಾಗ ರೈಲಿನಲ್ಲಿ ಅವನು ಒಂದೇ ಸಮನೆ ಮಾತಾಡಿದ. ಚರ್ಮ, ಅಂಟು, ಈಗಿನ ಚಪ್ಪಲಿಗಳ ಅಟ್ಟೆ ಒಂದು ಮಳೆಗೆ ಬಾಯಿ ಬಿಡುವುದು. ಎದುರು ಸೀಟಿನವರು ನಗುತ್ತಿದ್ದರು. ಅಕ್ಕನಿಗೆ ಅವನು ಒಂದು ಗಳಿಗೆ ಸುಮ್ಮನಾಗಬಾರದೇ ಅನಿಸಿತು, ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಎದುರಿನವರು ಇಳಿದುಹೋದ ಮೇಲೆ ಅವನು ದನಿ ತಗ್ಗಿಸಿದ.

"ಅಕ್ಕ, ಕಳಿಸೋಕೆ ಮುಂಚೆ ನನ್ನ ಕೇಳಿದ್ದೆ ಅಲ್ವಾ?"

"ಕೇಳಿದ್ದೆ."

"ನಾನೇನಂದೆ?"

"ತಲೆ ಆಡಿಸ್ದೆ."

ಅವನು ಕಿಟಕಿಯ ಸರಳು ಹಿಡಿದುಕೊಂಡ. "ನನಗೆ ಒಂಚೂರೂ ನೆನಪಿಲ್ಲ. ನೀನು ಎದುರಿಗಿದ್ದೆಯಲ್ಲ, ನಿನಗೆ ತಿಳಿದಿರುತ್ತೆ. ಕೇಳಿಸ್ಕೊಂಡೇ ಆಡಿಸಿದ್ನಾ ನಾನು? ಹಾಗಿದ್ರೆ ತಪ್ಪು ನಂದು. ಹೇಗೋ ಹೊಟ್ಟೆಗೆ ಹಾಕ್ಕೊಂಡು ಬದುಕ್ತೀನಿ. ಕೇಳಿಸ್ಕೊಂಡಿರಲಿಲ್ಲ ಅಂದ್ರೆ..." ಆಮೇಲೆ ಅವಳ ಕಡೆ ನೋಡದೆ ಹೇಳಿದ: "ನನಗೆ ಈಗ ಇರೋದು ನೀನೊಬ್ಳೇ ಅಕ್ಕ."

ನಿಜ ಹೇಳಿದರೆ ಅವನಿಗೆ ಉಳಿದಿದ್ದ ಒಬ್ಬಳೂ ಇಲ್ಲವಾಗುತ್ತಾಳೆ. ಸುಳ್ಳು ಹೇಳಿದರೆ ಮಗಳನ್ನು ತಾನೇ ಬಿಟ್ಟುಕೊಟ್ಟೆ ಎಂದುಕೊಂಡು ಈ ಮನುಷ್ಯ ಸಾಯುವ ತನಕ ಬೇಯಬೇಕು. ಅವನಿಗಾಗಿ ಹೇಳಿದಳೋ ತನಗಾಗಿ ಹೇಳಿದಳೋ, ಅವಳಿಗೇ ಗೊತ್ತಾಗಲಿಲ್ಲ.

"ಕೇಳಿಸ್ಕೊಂಡೇ ಆಡಿಸ್ದೆ ಕಣೋ."

ಅವನು ತಲೆಯಾಡಿಸಿದ. ಈ ಸಲ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ.